ಯೂನಿವರ್ಸಲ್ ಟ್ರಾವೆಲ್ ಅಡಾಪ್ಟರ್: ಫೋನಿಗೆ ಸರಿ, ಲ್ಯಾಪ್‌ಟಾಪಿಗೆ ಪರವಾಗಿಲ್ಲ, ಮಿಕ್ಸಿಗೆ ಮಾತ್ರ ಬೇಡವೇ ಬೇಡ

ಮಗಳ ಬಾಣಂತನಕ್ಕೆ ಅಂತ ಅಮೆರಿಕಾಗೆ ಹೊರಟಿರೋರು, ಆಫೀಸ್ ಕೆಲಸಕ್ಕೆ ಜರ್ಮನಿಗೋ ದುಬೈಗೋ ಹೋಗ್ತಿರೋರು, ಎಂಎಸ್ ಮಾಡಕ್ಕೆ ಇಂಗ್ಲೆಂಡಿಗೆ ಹೊರಟಿರೋ ಹುಡುಗ್ರು, ಇವ್ರೆಲ್ಲ ಒಂದ್ಸಲ ಓದ್ಲಿ ಅಂತ ಈ ರಿವ್ಯೂ ಬರಿತಿದೀನಿ. ಯೂನಿವರ್ಸಲ್ ಟ್ರಾವೆಲ್ ಅಡಾಪ್ಟರ್ ಅಂತ ಮಾರ್ತಾರಲ್ಲ, ಮುಷ್ಟಿಯಷ್ಟು ದಪ್ಪ ಇರೋ ಚೌಕದ ಡಬ್ಬಿ, ಪಕ್ಕದಲ್ಲಿರೋ ಗುಂಡಿ ತಳ್ಳಿದ್ರೆ ಒಂದೊಂದು ದೇಶದ ಪಿನ್ನು ಈಚೆ ಬರತ್ತೆ, ಅದೇ. ನಾನು ಕೆಲವು ವರ್ಷದಿಂದ ಬಳಸ್ತಿದೀನಿ, ಮನೆಯವರಿಗೂ ಸ್ನೇಹಿತರಿಗೂ ಕೊಡಿಸಿದೀನಿ. ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಹೆಚ್ಚುಕಮ್ಮಿ ಇದೇ ತರದ ಡಬ್ಬಿನ ಹತ್ತಾರು ಹೆಸರಲ್ಲಿ ಮಾರ್ತಾರೆ, ನೀವು ನೋಡ್ಬೇಕಾಗಿರೋದು ಹೆಸರನ್ನಲ್ಲ, ಮೈಮೇಲೆ ಸಣ್ಣಕ್ಷರದಲ್ಲಿ ಬರೆದಿರೋದನ್ನ.

ತೀರ್ಪು ಮೊದಲೇ ಹೇಳ್ಬಿಡ್ತೀನಿ. ಫೋನು, ಕ್ಯಾಮೆರಾ, ಇಯರ್‌ಫೋನು, ಟ್ಯಾಬು, ಇಷ್ಟಕ್ಕೆ ಇದು ತುಂಬಾ ಒಳ್ಳೆ ವಸ್ತು, 5ಕ್ಕೆ 4 ಕೊಡ್ತೀನಿ. ಲ್ಯಾಪ್‌ಟಾಪಿಗೆ ನಡೆಯತ್ತೆ, ಆದ್ರೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆ ದಾರಿ ಇದೆ, ಕೆಳಗೆ ಹೇಳ್ತೀನಿ. ಮಿಕ್ಸಿ, ಕೆಟಲ್ಲು, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್, ಇಂಡಕ್ಷನ್ ಒಲೆ ಇವಕ್ಕೆ ಇದನ್ನ ಹಾಕ್ಬೇಡಿ.

ಮೊದಲು ಅಂಗಡಿಲಿ ಆಗೋ ಗೊಂದಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಅಡಾಪ್ಟರ್ ಕೊಡಿ ಅಂದ್ರೆ ತಕ್ಷಣ ಬರೋ ಪ್ರಶ್ನೆ ಎಷ್ಟು ವೋಲ್ಟ್ ಸಾರ್ ಅಂತ. ಅಲ್ಲಿ ಅಡಾಪ್ಟರ್ ಅಂದ್ರೆ ವೈಫೈ ರೂಟರ್‌ಗೆ, ಸೆಟ್‌ಟಾಪ್ ಬಾಕ್ಸಿಗೆ, ಸಿಸಿಟಿವಿಗೆ ಹಾಕೋ 12 ವೋಲ್ಟಿನ ಕಪ್ಪು ಡಬ್ಬಿ. ಲ್ಯಾಪ್‌ಟಾಪ್ ರಿಪೇರಿ ಮಾಡೋ ಅಂಗಡಿಲಿ ಅಡಾಪ್ಟರ್ ಅಂದ್ರೆ ಲ್ಯಾಪ್‌ಟಾಪ್ ಚಾರ್ಜರ್ರು. ಮೊಬೈಲ್ ಅಂಗಡಿಲಿ ಕೇಬಲ್ ಬಿಟ್ಟು ಗೋಡೆಗೆ ಚುಚ್ಚೋ ಭಾಗ. ಕಂಪ್ಯೂಟರ್ ಅಂಗಡಿಲಿ ಎಚ್‌ಡಿಎಂಐನಿಂದ ವಿಜಿಎಗೆ ಹೋಗೋ ತುಂಡು. ಹಾರ್ಡ್‌ವೇರ್ ಅಂಗಡಿಲಿ ಪ್ಲಂಬರ್ ಎಂಟಿಎ ಕೊಡಿ ಎಫ್‌ಟಿಎ ಕೊಡಿ ಅಂತಾನಲ್ಲ, ಅದ್ರಲ್ಲಿರೋ 'ಎ' ಕೂಡ ಅಡಾಪ್ಟರ್ರೇ, ಪ್ಲಾಸ್ಟಿಕ್ ಪೈಪಿಗೆ ತಿರುಪಿನ ಗೆರೆ ಇರೋ ನಲ್ಲಿ ಕೂರಿಸೋ ತುಂಡು. ಎಲ್ಲ ಕಡೆ ಕೆಲಸ ಒಂದೇ ತರ, ಒಂದಕ್ಕೊಂದು ಕೂರದೇ ಇರೋ ಎರಡು ವಸ್ತುನ ಕೂರಿಸೋದು. ಆದ್ರೆ ರೂಟರ್ ಅಡಾಪ್ಟರ್ರು, ಫೋನ್ ಅಡಾಪ್ಟರ್ರು ಒಳಗೆ ಕರೆಂಟನ್ನೇ ಬದಲಾಯ್ಸತ್ತೆ, 230 ವೋಲ್ಟ್ ತಗೊಂಡು 12 ವೋಲ್ಟೋ 5 ವೋಲ್ಟೋ ಮಾಡಿ ಕೊಡತ್ತೆ. ಟ್ರಾವೆಲ್ ಅಡಾಪ್ಟರ್ ಹಾಗಲ್ಲ. ಪಿನ್ನಿನ ಆಕಾರ ಮಾತ್ರ ಬದಲಾಯ್ಸತ್ತೆ, ಗೋಡೆಲಿ ಎಷ್ಟು ವೋಲ್ಟ್ ಇದೆಯೋ ಅಷ್ಟನ್ನೂ ಹಾಗೇ ನಿಮ್ಮ ವಸ್ತುಗೆ ದಾಟಿಸತ್ತೆ. ಎರಡಕ್ಕೂ ಒಂದೇ ಹೆಸರು ಇರೋದ್ರಿಂದ ಜನ ಇದೂ ಕರೆಂಟು ಬದಲಾಯ್ಸತ್ತೆ ಅಂದ್ಕೊಂಡು ಮಿಕ್ಸಿ ಹಾಕ್ತಾರೆ, ತೊಂದ್ರೆ ಶುರುವಾಗೋದೇ ಅಲ್ಲಿಂದ. ಅಂಗಡಿಲಿ ಟ್ರಾವೆಲ್ ಅಡಾಪ್ಟರ್ ಅಂತ ಪೂರ್ತಿ ಹೇಳಿ, ಯಾವ ದೇಶ ಅಂತಾನೂ ಹೇಳಿ.

ಈಗ ಡಬ್ಬಿ ವಿಷಯ. ನನ್ನತ್ರ ಇರೋದ್ರಲ್ಲಿ ನಾಲ್ಕು ತರದ ಪಿನ್ ಇದೆ, ಇಂಗ್ಲೆಂಡಿನ ಮೂರು ದಪ್ಪ ಚಪ್ಪಟೆ ಪಿನ್ನು, ಯುರೋಪಿನ ಎರಡು ದುಂಡು ಪಿನ್ನು, ಅಮೆರಿಕಾದ ಎರಡು ಚಪ್ಪಟೆ ಪಿನ್ನು, ಆಸ್ಟ್ರೇಲಿಯಾದ ಓರೆ ಪಿನ್ನು. ಆಸ್ಟ್ರೇಲಿಯಾದ್ದು ಬೇರೆ ಪಿನ್ನಲ್ಲ, ಅಮೆರಿಕಾದ ಪಿನ್ನನ್ನೇ ಹೊರಗೆ ತೆಗೆದು ತಿರುಚಬೇಕು, ಬಳಸ್ತಾ ಬಳಸ್ತಾ ಮೊದಲು ಸಡಿಲ ಆಗೋದೂ ಆ ಜಾಗನೇ. ಮುಂದ್ಗಡೆ ಎಲ್ಲ ದೇಶದ ಪ್ಲಗ್ಗೂ ಹೋಗೋ ತರ ತೂತು, ಕೆಳಗೆ ಯುಎಸ್‌ಬಿ, ಒಳಗೆ ಒಂದು ಸಣ್ಣ ಗಾಜಿನ ಫ್ಯೂಸು. ಒಂದು ಪಿನ್ ಹೊರಗಿದ್ದಾಗ ಇನ್ನೊಂದು ಹೊರಗೆ ಬರದೇ ಇರೋ ತರ ಲಾಕ್ ಇದೆ, ಇದು ಬಹಳ ಮುಖ್ಯ. ಈ ಲಾಕ್ ಇಲ್ದೇ ಇರೋ ಅಗ್ಗದ ಡಬ್ಬಿಗಳಲ್ಲಿ ಒಂದು ಪಿನ್ ಗೋಡೆಲಿದ್ದಾಗ ಇನ್ನೊಂದರ ಲೋಹ ಕೈಗೆ ಸಿಗೋ ಅಪಾಯ ಇರತ್ತೆ. ಮನೇಲಿ ಮಗು ಇದ್ರೆ ಅಂಥದ್ದು ತರಲೇಬೇಡಿ.

ವೋಲ್ಟೇಜ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯತ್ತೆ ಅನ್ನೋ ಲೆಕ್ಕ). ಇಂಗ್ಲೆಂಡು, ಯುರೋಪು, ಆಸ್ಟ್ರೇಲಿಯಾ, ಸಿಂಗಾಪುರ, ದುಬೈ ಎಲ್ಲ ಹೆಚ್ಚುಕಮ್ಮಿ ಇದೇ. ಅಮೆರಿಕಾ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಲ್ಲಿ ಬರೀ 100 ವೋಲ್ಟ್, ಅದ್ರಲ್ಲೂ ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60, ಯಾಕಂದ್ರೆ ನೂರು ವರ್ಷಕ್ಕೂ ಹಿಂದೆ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದ್ರು, ಒಸಾಕಾದವರು ಅಮೆರಿಕಾದಿಂದ, ಅದು ಇವತ್ತಿಗೂ ಹಾಗೇ ಉಳ್ಕೊಂಡಿದೆ. ಹೊರಡೋ ಮುಂಚೆ ನಿಮ್ಮ ಚಾರ್ಜರ್ ತಿರುಗಿಸಿ ನೋಡಿ, ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ರೆ ಯಾವ ದೇಶದಲ್ಲಾದ್ರೂ ಧೈರ್ಯವಾಗಿ ಹಾಕಿ, ಆಕಾರ ಹೊಂದಿದ್ರೆ ಸಾಕು. ಈಗಿನ ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರ್ ಹೆಚ್ಚುಕಮ್ಮಿ ಎಲ್ಲ ಹೀಗೇ ಇರತ್ತೆ. ಬರೀ 230 ವೋಲ್ಟ್ ಅಂತ ಇದ್ರೆ ಅದನ್ನ ಅಮೆರಿಕಾಗೆ ತಗೊಂಡು ಹೋಗಿ ಪ್ರಯೋಜನ ಇಲ್ಲ.

ಮಿಕ್ಸಿ ಬಗ್ಗೆ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ನಮ್ಮೋರು ಬ್ಯಾಗಲ್ಲಿ ಇಡೋದೇ ಅದನ್ನ. ಅಲ್ಲಿನ ಬ್ಲೆಂಡರಲ್ಲಿ ಸ್ಮೂದಿ ಆಗತ್ತೆ ಹೊರತು ಕಾಯಿ ಚಟ್ನಿ ನಮ್ಮ ಹದಕ್ಕೆ ಬರಲ್ಲ, ಅದು ನಿಜವಾದ ಕಷ್ಟ, ಅದಕ್ಕೇ ಅಮ್ಮಂದಿರು ಇಲ್ಲಿಂದ 750 ವಾಟಿನ ಮಿಕ್ಸಿ ಜಾರ್ ಸಮೇತ ಬಟ್ಟೆಲಿ ಸುತ್ಕೊಂಡು ಹೋಗ್ತಾರೆ, ಜೊತೆಗೆ ಈ ಅಡಾಪ್ಟರ್ ಒಂದು. ಅಲ್ಲಿ ಹಾಕಿದ್ರೆ ಏನಾಗತ್ತೆ? 120 ವೋಲ್ಟಲ್ಲಿ ಮೋಟಾರ್ ತಿರುಗತ್ತೆ, ಆದ್ರೆ ಶಕ್ತಿ ಇರಲ್ಲ, ಉದ್ದಿನಬೇಳೆ ಹಾಕಿದ ತಕ್ಷಣ ತಿಣುಕಿ ನಿಂತ್ಕೊಳತ್ತೆ, ಸ್ವಿಚ್ ಆನ್ ಇದ್ದು ಮೋಟಾರ್ ನಿಂತಿದ್ರೆ ಕಾಯಿಲ್ ಬಿಸಿಯಾಗ್ತಾ ಹೋಗತ್ತೆ. ಕೆಟಲ್ಲಿಗೆ ಲೆಕ್ಕ ಇನ್ನೂ ಸುಲಭ, ವೋಲ್ಟೇಜ್ ಅರ್ಧಕ್ಕಿಳಿದ್ರೆ ಶಾಖ ಕಾಲು ಭಾಗಕ್ಕಿಳಿಯತ್ತೆ, 1500 ವಾಟಿನ ನಮ್ಮ ಕೆಟಲ್ ಅಲ್ಲಿ 400 ವಾಟ್ ಆಸುಪಾಸಲ್ಲಿ ಕೆಲಸ ಮಾಡತ್ತೆ, ಕಾಫಿಗೆ ನೀರು ಕಾಯೋಷ್ಟರಲ್ಲಿ ಬೆಳಗಾಗಿರತ್ತೆ. ಇದರ ಉಲ್ಟಾ ಇನ್ನೂ ಅಪಾಯ. ಅಮೆರಿಕಾದಿಂದ ಮಗ ಕಳಿಸಿದ 120 ವೋಲ್ಟಿನ ಹೇರ್ ಡ್ರೈಯರ್ರೋ ಕಾಫಿ ಮೇಕರ್ರೋ ಇಲ್ಲಿ ಅಡಾಪ್ಟರ್ ಹಾಕಿ ಚುಚ್ಚಿದ್ರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಪವರ್ ಎಳೆಯತ್ತೆ, ಒಂದೆರಡು ಕ್ಷಣದಲ್ಲಿ ಸುಟ್ಟ ವಾಸನೆ.

ಹಾಗಾದ್ರೆ ಏನು ಮಾಡ್ಬೇಕು ಅಂದ್ರೆ, ಮಿಕ್ಸಿ ಬೇಕೇ ಬೇಕು ಅನ್ನೋರು 110 ವೋಲ್ಟಿಗೆ ಅಂತಲೇ ಮಾಡಿರೋ ಮಾಡೆಲ್ (ಅಮೆರಿಕಾದ 120 ವೋಲ್ಟಿಗೂ ಇದೇ) ತಗೊಳ್ಳಿ, ಪ್ರೀತಿ ಮಿಕ್ಸಿ, ಅಲ್ಟ್ರಾ ವೆಟ್ ಗ್ರೈಂಡರ್ ಇವೆಲ್ಲ ಅಮೆರಿಕಾದ ಪ್ಲಗ್ ಸಮೇತ ಬರತ್ತೆ, ಅಲ್ಲಿನ ಇಂಡಿಯನ್ ಸ್ಟೋರುಗಳಲ್ಲೂ ಆನ್‌ಲೈನಲ್ಲೂ ಸಿಗತ್ತೆ. ಇರೋ ಮಿಕ್ಸಿನೇ ಬೇಕು ಅಂದ್ರೆ ವೋಲ್ಟೇಜ್ ಏರಿಸೋ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು, 750 ವಾಟಿನ ಮಿಕ್ಸಿಗೆ ಅದರ ಎರಡರಷ್ಟು ವಾಟಿಂದು ತಗೊಳ್ಳೋದು ಕ್ಷೇಮ, ಯಾಕಂದ್ರೆ ಮೋಟಾರ್ ಶುರುವಾಗೋವಾಗ ಒಮ್ಮೆಗೆ ಜಾಸ್ತಿ ಎಳೆಯತ್ತೆ. ಆದ್ರೆ ಆ ಟ್ರಾನ್ಸ್‌ಫಾರ್ಮರ್ ಕೆಜಿಗಟ್ಟಲೆ ತೂಕ, ದುಡ್ಡೂ ಜಾಸ್ತಿ, ಅಡುಗೆಮನೆ ಕಟ್ಟೆಲಿ ಜಾಗಾನೂ ತಿನ್ನತ್ತೆ. ವೆಟ್ ಗ್ರೈಂಡರಿಗೆ ಇನ್ನೊಂದು ಸಮಸ್ಯೆ, ಅದ್ರಲ್ಲಿರೋದು ಇಂಡಕ್ಷನ್ ಮೋಟಾರು, ಅದರ ವೇಗ ಹರ್ಟ್ಜ್ ಮೇಲೆ ನಿಂತಿದೆ, ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸತ್ತೆ ಆದ್ರೆ 60 ಹರ್ಟ್ಜನ್ನ 50 ಮಾಡಲ್ಲ, ಹಾಗಾಗಿ ಕಲ್ಲು ಸುಮಾರು 20 ಪರ್ಸೆಂಟ್ ಜೋರಾಗಿ ಓಡತ್ತೆ. ಅಲ್ಲೇ ಸಿಗೋ 110 ವೋಲ್ಟಿಂದು ತಗೊಂಡ್ರೆ ಈ ತಲೆನೋವು ಯಾವುದೂ ಇಲ್ಲ.

ಇಂಗ್ಲೆಂಡಲ್ಲಿ ಈ ಡಬ್ಬಿ ತುಂಬಾ ಚೆನ್ನಾಗಿ ಕೂರತ್ತೆ. ಅವರ ಪ್ಲಗ್ 1947ರ ಸುಮಾರಿಗೆ ಬಂದಿದ್ದು, ಅದಕ್ಕೆ ಮುಂಚೆ ಅವರೂ ದುಂಡು ಪಿನ್ನೇ ಬಳಸ್ತಿದ್ರು, ಆ ಹಳೇ ದುಂಡು ಪಿನ್ನಿನ ವಂಶದ್ದೇ ಈಗ ನಮ್ಮ ಗೋಡೆಲಿರೋದು. ಅವರ ಪ್ಲಗ್ ದಪ್ಪ, ಒಳಗೇ ಫ್ಯೂಸ್ ಇರತ್ತೆ, ಮೇಲಿನ ಅರ್ಥ್ ಪಿನ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋದು) ಉದ್ದ ಇರತ್ತೆ, ಅದು ಒಳಗೆ ಹೋದ್ರೆ ಮಾತ್ರ ಕೆಳಗಿನ ಎರಡು ತೂತಿನ ಮುಚ್ಚಳ ತೆರೆಯತ್ತೆ. ನನಗೆ ತುಂಬಾ ಇಷ್ಟವಾದ ವಿನ್ಯಾಸ ಅದು, ಮಕ್ಕಳು ಕೆಳಗಿನ ತೂತಿಗೆ ಕಡ್ಡಿ ಚುಚ್ಚಿದ್ರೂ ಕರೆಂಟ್ ತಾಗಲ್ಲ. ದುಬೈ, ಅಬುಧಾಬಿ, ಕತಾರ್, ಮಸ್ಕತ್, ಸಿಂಗಾಪುರ, ಮಲೇಷ್ಯಾ ಎಲ್ಲ ಇದೇ ಪ್ಲಗ್. ಗಲ್ಫಲ್ಲಿರೋ ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರ ರೂಮುಗಳಲ್ಲಿ ನೋಡಿ, ಮೇಲಿನ ತೂತಿಗೆ ಪೆನ್ನಿನ ತುದಿ ಒತ್ತಿ ಮುಚ್ಚಳ ತೆರೆದು ಊರಿಂದ ತಂದ ಎರಡು ಪಿನ್ ಚಾರ್ಜರ್ ತುರುಕಿರ್ತಾರೆ. ದಯವಿಟ್ಟು ಬಿಡಿ ಇದನ್ನ. ಪಿನ್ನು ಬಿಗಿಯಾಗಿ ಕೂರಲ್ಲ, ಸಡಿಲ ಇದ್ದ ಕಡೆ ಕಿಡಿ ಬರತ್ತೆ, ಸಾಕೆಟ್ ಕಪ್ಪಾಗತ್ತೆ. ಒಂದು ದೇಶಕ್ಕೆ ಮಾತ್ರ ಆಗೋ ಸಾದಾ ಅಡಾಪ್ಟರ್ ಚಿಲ್ಲರೆ ದುಡ್ಡಿಗೆ ಸಿಗತ್ತೆ, ಅದಕ್ಕೋಸ್ಕರ ರಿಸ್ಕ್ ತಗೊಳ್ಳೋದು ಬೇಡ.

ಯುರೋಪಲ್ಲಿ ನನಗೆ ಅಷ್ಟು ಖುಷಿ ಆಗ್ಲಿಲ್ಲ. ಜರ್ಮನಿ ಕಡೆ ಸಾಕೆಟ್ಟು ಗೋಡೆ ಒಳಗೆ ದುಂಡಗೆ ತಗ್ಗಾಗಿರತ್ತೆ, ಚೌಕದ ಈ ಡಬ್ಬಿ ಆ ದುಂಡು ತಗ್ಗಿನ ಒಳಗೆ ಇಳಿಯಲ್ಲ, ಪಿನ್ನಿನ ತುದಿ ಮಾತ್ರ ಹಿಡ್ಕೊಂಡಿರತ್ತೆ, ಲ್ಯಾಪ್‌ಟಾಪ್ ಕೇಬಲ್ ಭಾರಕ್ಕೆ ಜಾರಿ ಬೀಳತ್ತೆ, ರಾತ್ರಿ ಚಾರ್ಜಿಗೆ ಹಾಕಿದ್ದು ಬೆಳಿಗ್ಗೆ ನೋಡಿದ್ರೆ ಖಾಲಿ. ಆದ್ರೆ ಇಲ್ಲೊಂದು ಒಳ್ಳೆ ಸುದ್ದಿನೂ ಇದೆ, ನಮ್ಮ ಎರಡು ದುಂಡು ಪಿನ್ನಿನ ಫೋನ್ ಚಾರ್ಜರುಗಳು ಬಹುತೇಕ ಯುರೋಪಿನ ಸಾಕೆಟ್ಟಿಗೆ ನೇರವಾಗೇ ಹೋಗತ್ತೆ, ಯಾವ ಅಡಾಪ್ಟರ್ರೂ ಬೇಡ. ಮೂರು ಪಿನ್ ಇರೋದಕ್ಕೆ ಮಾತ್ರ ಬೇಕು. ಫ್ರಾನ್ಸಲ್ಲಿ ಸಾಕೆಟ್ ಒಳಗಿಂದ ಅರ್ಥ್ ಪಿನ್ ಈಚೆ ಚಾಚ್ಕೊಂಡಿರತ್ತೆ, ಇಟಲಿ, ಸ್ವಿಟ್ಜರ್ಲೆಂಡಿನದ್ದು ಮತ್ತೆ ಬೇರೆ ಬೇರೆ, ಆದ್ರೆ ಸಣ್ಣ ಎರಡು ಪಿನ್ನು ಅಲ್ಲೂ ನಡೆಯತ್ತೆ.

ಅಮೆರಿಕಾದ ಸಾಕೆಟ್ಟಲ್ಲಿ ತೊಂದ್ರೆ ಡಬ್ಬಿ ಭಾರದ್ದು. ಬರೀ ಎರಡು ಚಪ್ಪಟೆ ತಗಡಿನ ಪಿನ್ನು ಅಷ್ಟು ದಪ್ಪದ ಡಬ್ಬಿನ ಹೊರಬೇಕು, ಹಳೇ ಮನೆಗಳಲ್ಲಿ ಸಾಕೆಟ್ ಸವೆದಿದ್ರೆ ಮುಂದಕ್ಕೆ ಬಾಗ್ಕೊಂಡು ನೇತಾಡತ್ತೆ. ಅಲ್ಲಿ ಸಾಮಾನ್ಯವಾಗಿ ಸಾಕೆಟ್ ಪಕ್ಕ ನಮ್ಮ ತರ ಸ್ವಿಚ್ಚೂ ಇರಲ್ಲ, ಚುಚ್ಚಿದ ಕೂಡ್ಲೇ ಕರೆಂಟು, ವಯಸ್ಸಾದೋರಿಗೆ ಇದನ್ನ ಮೊದಲೇ ಹೇಳಿಡಿ. ನೇಪಾಳಕ್ಕೆ ಹೋಗೋರು ಏನೂ ತಗೋಬೇಡಿ, ನಮ್ಮ ಪ್ಲಗ್ಗೇ ನಡೆಯತ್ತೆ.

ಅರ್ಥಿಂಗ್ ವಿಷಯ ಯಾರೂ ಹೇಳಲ್ಲ, ನನಗೆ ಈ ಡಬ್ಬಿ ಮೇಲಿರೋ ದೊಡ್ಡ ದೂರು ಇದೇ. ನಮ್ಮ ಮೂರು ಪಿನ್ ಪ್ಲಗ್ಗಲ್ಲಿ ಮೇಲಿನ ದಪ್ಪ ಉದ್ದ ಪಿನ್ ಅರ್ಥಿಂದು, ಅದು ಉದ್ದ ಇರೋದು ಯಾಕಂದ್ರೆ ಚುಚ್ಚೋವಾಗ ಅದು ಮೊದಲು ತಾಗ್ಬೇಕು, ಕೀಳೋವಾಗ ಕೊನೆಗೆ ಬಿಡ್ಬೇಕು ಅಂತ. ಈ ಯೂನಿವರ್ಸಲ್ ಡಬ್ಬಿಗಳಲ್ಲಿ ಬಹಳಷ್ಟರಲ್ಲಿ ಆ ಪಿನ್ನಿಗೆ ತೂತು ಇರತ್ತೆ, ಆದ್ರೆ ಹಿಂದ್ಗಡೆ ಏನೂ ಜೋಡಿಸಿರಲ್ಲ. ಇಂಗ್ಲೆಂಡಿನ ಪಿನ್ನಲ್ಲಿರೋ ಅರ್ಥ್ ಪಿನ್ನೂ ಎಷ್ಟೋ ಕಡೆ ಬರೀ ಪ್ಲಾಸ್ಟಿಕ್ಕು, ಮುಚ್ಚಳ ತೆರೆಯಕ್ಕಷ್ಟೇ. ಲೋಹದ ಮೈ ಇರೋ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮೇಲೆ ಬೆರಳಾಡಿಸಿದ್ರೆ ಜುಮ್ ಜುಮ್ ಅನ್ನತ್ತಲ್ಲ, ಅರ್ಥ್ ಇಲ್ಲದ್ದು ಅದಕ್ಕೊಂದು ಕಾರಣ. ಲ್ಯಾಪ್‌ಟಾಪಲ್ಲಿ ಅದು ಕಿರಿಕಿರಿ ಅಷ್ಟೇ, ಜೀವಕ್ಕೆ ಅಪಾಯ ಇಲ್ಲ. ಆದ್ರೆ ಇಸ್ತ್ರಿಪೆಟ್ಟಿಗೆ, ಸ್ಟೀಲ್ ಕೆಟಲ್ ತರದ ಲೋಹದ ವಸ್ತುಗೆ ಅರ್ಥ್ ಇಲ್ದೇ ಇರೋದು ತಮಾಷೆ ಅಲ್ಲ, ಒಳಗೆ ವೈರ್ ಕಿತ್ತು ಮೈಗೆ ತಾಗಿದ್ರೆ ಮುಟ್ಟಿದೋರಿಗೇ ಶಾಕು. 230 ವೋಲ್ಟಿನ ದೇಶಗಳಲ್ಲೂ ಇವನ್ನ ಇದಕ್ಕೆ ಹಾಕ್ಬೇಡಿ ಅಂತ ನಾನು ಹೇಳೋದು ಇದಕ್ಕೇ, ವೋಲ್ಟೇಜ್ ಸರಿ ಇದ್ರೂ ಅರ್ಥ್ ಇಲ್ಲ.

ಈಗ ಲ್ಯಾಪ್‌ಟಾಪಿಗೆ ಒಳ್ಳೆ ದಾರಿ. ಬಹಳಷ್ಟು ಲ್ಯಾಪ್‌ಟಾಪ್ ಚಾರ್ಜರಲ್ಲಿ ಗೋಡೆಯಿಂದ ಇಟ್ಟಿಗೆವರೆಗೆ (ಮಧ್ಯದಲ್ಲಿರೋ ಇಟ್ಟಿಗೆ ತರದ ಕಪ್ಪು ಭಾಗ) ಬರೋ ವೈರು ಬೇರೆ ತುಂಡು, ಎಳೆದ್ರೆ ಕಳಚ್ಕೊಳತ್ತೆ, ಮೂರು ದುಂಡು ಸೇರಿದ ಮಿಕ್ಕಿ ಮೌಸ್ ಆಕಾರದ ತುದಿ ಇರತ್ತಲ್ಲ, ಅದು. ಈ ತುದಿ ಎಲ್ಲ ದೇಶದಲ್ಲೂ ಒಂದೇ. ಅಲ್ಲಿಗೆ ಹೋಗಿ ಆ ದೇಶದ ಪ್ಲಗ್ ಇರೋ ಒಂದು ವೈರ್ ತಗೊಂಡ್ರೆ ಮುಗೀತು, ಅಡಾಪ್ಟರ್ ಬೇಡ, ಅರ್ಥಿಂಗೂ ಸರಿಯಾಗಿ ಸಿಗತ್ತೆ, ಸಾಕೆಟ್ಟಲ್ಲಿ ಗಟ್ಟಿಯಾಗಿ ಕೂರತ್ತೆ, ಜಾರಲ್ಲ. ಎಸ್‌ಪಿ ರೋಡಲ್ಲಿ ಕೆಲವು ಕಡೆ ಇಲ್ಲೇ ಇಂಗ್ಲೆಂಡ್, ಅಮೆರಿಕಾ ಪ್ಲಗ್ಗಿನ ವೈರ್ ಸಿಗತ್ತೆ, ಕೇಳಿ ನೋಡಿ. ಓದಕ್ಕೆ ಹೋಗಿ ಎರಡು ವರ್ಷ ಇರೋ ಹುಡುಗ್ರು ಖಂಡಿತ ಹೀಗೇ ಮಾಡಿ, ಯೂನಿವರ್ಸಲ್ ಡಬ್ಬಿ ಇರೋದು ಒಂದೆರಡು ವಾರದ ಓಡಾಟಕ್ಕೆ, ವರ್ಷಗಟ್ಟಲೆ ಗೋಡೆಲಿ ಬಿಡಕ್ಕಲ್ಲ.

ಯುಎಸ್‌ಬಿ ಬಗ್ಗೆ. ಹಳೇ ಮಾಡೆಲಲ್ಲಿ ಬರೀ ಅಗಲದ ಯುಎಸ್‌ಬಿ ತೂತು ಇರತ್ತೆ, ಈಗಿನ ಫೋನಿಗೆ ಅದರಲ್ಲಿ ಚಾರ್ಜ್ ಬಹಳ ನಿಧಾನ. ಟೈಪ್ ಸಿ ಇರೋದು, ಪಿಡಿ (ಬೇಗ ಚಾರ್ಜ್ ಮಾಡೋ ವಿಧಾನ) ಅಂತ ಬರೆದಿರೋದು, ಕನಿಷ್ಠ 20 ವಾಟ್ ಇರೋದು ತಗೊಳ್ಳಿ. 65 ವಾಟಿನ ಮಾಡೆಲ್ಲೂ ಬಂದಿದೆ, ಅದ್ರಲ್ಲಿ ಟೈಪ್ ಸಿ ಲ್ಯಾಪ್‌ಟಾಪ್ ಕೂಡ ಚಾರ್ಜ್ ಆಗತ್ತೆ, ಇಟ್ಟಿಗೆನೇ ಮನೇಲಿ ಬಿಟ್ಟು ಹೋಗ್ಬೋದು, ದುಡ್ಡಿದ್ರೆ ನಾನು ಸಲಹೆ ಕೊಡೋದು ಇದನ್ನೇ. ಆದ್ರೆ ಎರಡು ಮೂರು ಒಟ್ಟಿಗೆ ಹಾಕಿದ್ರೆ ಆ 65 ವಾಟ್ ಎಲ್ಲದಕ್ಕೂ ಹಂಚಿ ಹೋಗತ್ತೆ, ಲ್ಯಾಪ್‌ಟಾಪ್ ಚಾರ್ಜ್ ನಿಧಾನ ಆಯ್ತು ಅಂತ ಗಾಬರಿ ಬೇಡ.

ಮನೆಯವರೆಲ್ಲ ಒಟ್ಟಿಗೆ ಹೋಗೋರು ಒಂದು ಕೆಲಸ ಮಾಡ್ಬೋದು, ನಮ್ಮ ಊರಿನ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡ್ ಒಂದು ತಗೊಂಡು ಹೋಗಿ, ಅದರ ತುದಿಗೆ ಆ ದೇಶದ ಅರ್ಥ್ ಇರೋ ಸಾದಾ ಅಡಾಪ್ಟರ್ ಒಂದು ಹಾಕಿದ್ರೆ ನಾಲ್ಕು ಜನರ ಫೋನು ಒಟ್ಟಿಗೆ ಚಾರ್ಜ್ ಆಗತ್ತೆ. ಚಾರ್ಜರ್ ಮಾತ್ರ ಹಾಕಿ ಅದಕ್ಕೆ, ಬೋರ್ಡ್ ಮೇಲೆ ಸಣ್ಣ ದೀಪ ಇದ್ರೆ ಅಮೆರಿಕಾದಲ್ಲಿ ಮಂಕಾಗಿ ಉರಿಯತ್ತೆ ಅಷ್ಟೇ. ಸರ್ಜ್ ಪ್ರೊಟೆಕ್ಷನ್ ಇರೋ ಸ್ಪೈಕ್ ಬಸ್ಟರನ್ನ ಹಡಗಿನ ಪ್ರವಾಸಕ್ಕೆ ತಗೊಂಡು ಹೋಗ್ಬೇಡಿ, ಕ್ರೂಸ್ ಕಂಪನಿಗಳು ಅದನ್ನ ಒಳಗೆ ಬಿಡಲ್ಲ.

ತಗೊಳ್ಳೋವಾಗ ನಿಮ್ಮ ಸ್ವಂತ ಪ್ಲಗ್ ಅಂಗಡಿಗೆ ಒಯ್ದು ಅಲ್ಲೇ ಚುಚ್ಚಿ ನೋಡಿ. ಎಲ್ಲ ದೇಶಕ್ಕೂ ಅಂತ ಬರೆದಿರ್ತಾರೆ, ಆದ್ರೆ ಎಷ್ಟೋ ಡಬ್ಬಿಗೆ ನಮ್ಮ ಮೂರು ದುಂಡು ಪಿನ್ನೇ ಹೋಗಲ್ಲ, ಹೋದ್ರೂ 6 ಆಂಪಿನ ಸಣ್ಣದು ಮಾತ್ರ, ಗೀಸರು ಎಸಿಗೆ ಇರೋ 16 ಆಂಪಿನ ದಪ್ಪ ಪ್ಲಗ್ ಹೋಗೋ ಮಾತೇ ಇಲ್ಲ. ಚುಚ್ಚಿ ಉಲ್ಟಾ ಹಿಡಿದು ಅಲ್ಲಾಡ್ಸಿ, ಬಿದ್ರೆ ಬೇಡ. ಎಷ್ಟು ಆಂಪು ಅಂತ ನೋಡಿ, 10 ಆಂಪ್ ಅಂತ ಇದ್ರೆ 230 ವೋಲ್ಟಲ್ಲಿ 2300 ವಾಟು, ಅದೇ ಡಬ್ಬಿ ಅಮೆರಿಕಾದಲ್ಲಿ 1200 ವಾಟಷ್ಟೇ. ಫ್ಯೂಸ್ ಬದಲಾಯ್ಸಕ್ಕೆ ಆಗತ್ತಾ, ಜೊತೆಗೆ ಇನ್ನೊಂದು ಫ್ಯೂಸ್ ಕೊಡ್ತಾರಾ ಕೇಳಿ, ಊರಲ್ಲದ ಊರಲ್ಲಿ ಆ ಸೈಜಿನ ಗಾಜಿನ ಫ್ಯೂಸ್ ಹುಡ್ಕೋದು ಕಷ್ಟ. ಇನ್ನು ಫೋನ್ ಚಾರ್ಜರ್ರೂ ಹೊಸದಾಗಿ ತಗೊಳ್ತಿದ್ರೆ ಮೈಮೇಲೆ ಆರ್ ಅಕ್ಷರದಿಂದ ಶುರುವಾಗೋ ಬಿಐಎಸ್ (ನಮ್ಮ ದೇಶದ ಗುಣಮಟ್ಟ ಸಂಸ್ಥೆ) ನಂಬರ್ ಇರ್ಬೇಕು, ಬಿಐಎಸ್ ಕೇರ್ ಅನ್ನೋ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾರು ಮಾಡಿದ್ದು ಅಂತ ಬರತ್ತೆ, ಅಂಗಡಿಲಿ ನಿಂತೇ ನೋಡ್ಬೋದು.

ರೇಟು ಅಂದ್ರೆ ಯುಎಸ್‌ಬಿ ಇರೋ ಸಾಧಾರಣ ಯೂನಿವರ್ಸಲ್ ಡಬ್ಬಿ ಸಾವಿರ ರೂಪಾಯಿ ಆಚೀಚೆ, 65 ವಾಟಿಂದು ಅದಕ್ಕಿಂತ ಸಾಕಷ್ಟು ಜಾಸ್ತಿ. ಏರ್‌ಪೋರ್ಟಲ್ಲಿ ತಗೊಂಡ್ರೆ ಜಾಸ್ತಿ ಕೊಡ್ಬೇಕಾಗತ್ತೆ, ಹೊರಡೋ ವಾರದ ಮುಂಚೆನೇ ತಗೊಂಡು ಮನೇಲಿ ಒಂದು ರಾತ್ರಿ ಫೋನ್ ಹಾಕಿ ನೋಡಿ, ಕೈಗೆ ಸುಡೋಷ್ಟು ಬಿಸಿಯಾದ್ರೆ ಬಿಲ್ ತೋರಿಸಿ ವಾಪಸ್ ಕೊಡಿ. ಎಲ್ಲಾದ್ರೂ ಮರೆತು ಹೋದ್ರೆ ಹೋಟೆಲ್ ರಿಸೆಪ್ಷನಲ್ಲಿ ಕೇಳಿ, ಹೋದ ಗಿರಾಕಿಗಳು ಬಿಟ್ಟು ಹೋಗಿರೋದು ಒಂದೆರಡು ಅವರತ್ರ ಸಾಮಾನ್ಯವಾಗಿ ಇರತ್ತೆ, ವಾಪಸ್ ಕೊಡೋ ಮಾತಿನ ಮೇಲೆ ಕೊಡ್ತಾರೆ.